ಸುಳ್ಳಪ್ಪನೋರ ಮನೆ

ಬಸ್ಸು ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲೆಯಡಿಕೆ ಚೀಲ ಬಿಚ್ಚುತ್ತ, "ಎಲ್ಲಿಗೆ ಹೋಗ್ತಾ ಇದೀರಿ?" ಅಂದಳು. ಹಂದನಕೆರೆಗೆ ಎಂದ ರೇಣುಕಪ್ರಸಾದ. "ನಮ್ಮೂರೇ ಕಣ್ರೀ! ಯಾರ ಮನೆಗೆ?" ಎಂದು ಅವಳು ಅವನ ಕಡೆಗೇ ತಿರುಗಿ ಕೂತಾಗ ಅವನು ಕಿಟಕಿಯ ಕಡೆ ಮುಖ ಮಾಡಿದ. ಯಾರ ಮನೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಒಂದು ಮನೆಯವರನ್ನು ಊರು ಏನೆಂದು ಕರೆಯುತ್ತದೋ ಅದೇ ಆ ಮನೆಗೆ ದಾರಿ. ಈ ಮನೆಗಾದರೋ ಬೈಗುಳವೇ ವಿಳಾಸ. "ಹಿಂಗೇ, ಕೆರೆ ನೋಡೋಣ ಅಂತ," ಎಂದ. ಕೆರೆಯಲ್ಲಿ ಏನಿದೆ ನೋಡುವುದಕ್ಕೆ ಎಂಬಂತೆ ಹೆಂಗಸು ಅವನ ಹಣೆಯ ವಿಭೂತಿಯನ್ನೂ ಇಸ್ತ್ರಿ ಮಾಡಿದ ಅಂಗಿಯನ್ನೂ ನೋಡಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು ಒಬ್ಬ ಅಪರಿಚಿತಳ ಮುಂದೆ ಇಷ್ಟು ಸಣ್ಣ ಸುಳ್ಳಿಗೆ ಬೆವರಿದ್ದು ಅವನಿಗೇ ಕಿರಿಕಿರಿಯಾಯಿತು. ತೊಡೆಯ ಮೇಲಿದ್ದ ಚರ್ಮದ ಬ್ಯಾಗನ್ನು ಇನ್ನಷ್ಟು ಎದೆಗೆ ಎಳೆದುಕೊಂಡ. ಅದರೊಳಗೆ ಒಟ್ಟು ಹನ್ನೊಂದು ಹಾಳೆ ಇದ್ದವು.

ಫೋನು ಬಡಿದುಕೊಂಡಿತು. ದೊಡ್ಡಪ್ಪನ ಮಗ ಕಾಡಸಿದ್ದಪ್ಪ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು, ಮಂಡಿಯ ಗದ್ದಲದ ನಡುವೆಯೇ ಕೂಗುತ್ತಿದ್ದ. "ಏನಯ್ಯ ಮೇಷ್ಟ್ರೇ, ಶಿಲ್ಪಿ ಬಂದು ಕುಂತವ್ನೆ. ಸುಬೇದಾರ್ರ ಮೀಸೆ ಮೇಲಕ್ಕೆ ತಿರುವ್ಲಾ ಕೆಳಕ್ಕೆ ಬುಡ್ಲಾ ಅಂತ ಕೇಳ್ತಾವ್ನೆ. ನಿನ್ನ ಕಾಗದದಲ್ಲಿ ಏನಾರ ಐತಾ?" ಇನ್ನು ಹನ್ನೆರಡು ದಿನಕ್ಕೆ ದಬ್ಬೇಘಟ್ಟದ ಪಕ್ಕದ ತಮ್ಮೂರಿನಲ್ಲಿ ಸುಬೇದಾರ್ ಚನ್ನವೀರಪ್ಪನವರ ವಂಶಸ್ಥರ ಸಮಾವೇಶ. ಅರಳಿಕಟ್ಟೆಯ ಎದುರು ಎದೆಮಟ್ಟದ ಕಲ್ಲಿನ ಪುತ್ಥಳಿ. ಜೊತೆಗೆ ರೇಣುಕಪ್ರಸಾದ ಬರೆಯುತ್ತಿರುವ, ನೂರೆಪ್ಪತ್ತು ವರ್ಷದ ಮನೆತನದ ಪುಸ್ತಕ. ರಂಗೂನಿನ ಯುದ್ಧದಲ್ಲಿ ಕತ್ತಿ ಹಿಡಿದು ಪ್ರಾಣ ಬಿಟ್ಟ ವೀರನ ಮನೆಯವರು ಅನ್ನುವುದು ಅವರ ಮನೆಗೆ ಹೆಣ್ಣು ಕೊಡುವವರೂ ತರುವವರೂ ಮೊದಲು ಎತ್ತುತ್ತಿದ್ದ ಮಾತು. "ಮೇಲಕ್ಕೇ ತಿರುವಲಿ," ಎಂದ ರೇಣುಕಪ್ರಸಾದ. "ಅಂಗನ್ನು! ನಾನೂ ಅದೇ ಅಂದೆ. ಪುಸ್ತಕ ನಾಳೆ ಪ್ರೆಸ್ಸಿಗೆ ಹೋಗ್ಲೇಬೇಕು ಕಣಯ್ಯ," ಎಂದು ಕಾಡಸಿದ್ದಪ್ಪ ಫೋನಿಟ್ಟ. ಬ್ಯಾಗಿನ ನಾಲ್ಕನೆಯ ಹಾಳೆಯಲ್ಲಿ ಅಮಲ್ದಾರನ ಗುಮಾಸ್ತ ಬರೆದದ್ದು ಹೀಗಿತ್ತು: ಮುಖವು ಬೋಳಾಗಿದೆ, ಮೀಸೆ ಇಲ್ಲ, ವಯಸ್ಸಿಗಿಂತ ಹೆಚ್ಚು ಮುದುಕನಂತೆ ಕಾಣುತ್ತಾನೆ.

ಆ ಹಾಳೆಗಳು ಅವನ ಕೈಗೆ ಸಿಕ್ಕಿದ್ದು ಮೂರು ತಿಂಗಳ ಹಿಂದೆ. ಬೆಂಗಳೂರಿನಲ್ಲಿ, ಹಳೆಯ ಕಾಗದಗಳ ಧೂಳಿನಲ್ಲಿ, ಪುಸ್ತಕಕ್ಕೆ ಒಂದು ಅಧ್ಯಾಯವಾದರೂ ಗಟ್ಟಿ ಇರಲಿ ಎಂದು ಹುಡುಕುತ್ತಿದ್ದಾಗ ಒಂದು ಅರ್ಜಿ ಸಿಕ್ಕಿತು. ಕುಂಪಣಿಯ ಪಲ್ಟನ್ನಿನಲ್ಲಿ ಸಿಪಾಯಿಯಾಗಿ (ಸುಬೇದಾರನಲ್ಲ, ಬರೀ ಸಿಪಾಯಿ) ಕಡಲು ದಾಟಿ ರಂಗೂನಿಗೆ ಹೋಗಿದ್ದ ಚನ್ನವೀರಪ್ಪನು ತಾನೇ ಎಂದು ಹೇಳಿಕೊಂಡು ಒಬ್ಬ ಮನುಷ್ಯ ಒಂಬತ್ತು ವರ್ಷದ ಮೇಲೆ ಊರಿಗೆ ಬಂದಿದ್ದ. ಸತ್ತನೆಂದು ಅಷ್ಟು ಹೊತ್ತಿಗೆ ತಿಥಿ ಆಗಿತ್ತು. ಅವನ ಹೆಂಡತಿಯನ್ನು ತಮ್ಮನೇ ಕೂಡಿಕೆ ಮಾಡಿಕೊಂಡಿದ್ದ. ಬಾಗಿಲಲ್ಲಿ ನಿಂತವನನ್ನು ಮನೆಯವರು ಒಳಗೆ ಕರೆಯಲಿಲ್ಲ; ಕಡಲು ದಾಟಿ ಬಂದವನನ್ನು ಹೇಗೆ ಕರೆಯುವುದು ಅಂದರೋ, ತೋಟ ಹೇಗೆ ಬಿಡುವುದು ಅಂದರೋ, ಆ ಹೆಣ್ಣನ್ನು ಯಾರ ಜೊತೆ ಇಡುವುದು ಅಂದರೋ, ಅದು ಯಾವ ಕಾಗದದಲ್ಲೂ ಇರಲಿಲ್ಲ. ಅಮಲ್ದಾರನ ಮುಂದೆ ತಮ್ಮ ಹೇಳಿದ್ದು ಮಾತ್ರ ಇತ್ತು: "ಈ ಮನುಷ್ಯನು ನಮ್ಮ ಅಣ್ಣನಲ್ಲ. ನಮ್ಮ ಅಣ್ಣನು ರಂಗೂನಿನಲ್ಲಿ ಸತ್ತನು. ಇವನು ಯಾರೋ ಸುಳ್ಳುಗಾರನು." ಹೆಂಡತಿಯೂ ಈತನನ್ನು ತಾನು ಕಂಡವಳಲ್ಲ ಎಂದಳು. ಗುಮಾಸ್ತ ಏಕೋ ಒಂದು ಸಾಲು ಹೆಚ್ಚಿಗೆ ಬರೆದಿದ್ದ: ಹೇಳುವಾಗ್ಗೆ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದಳು. ಅರ್ಜಿದಾರನ ಕೊನೆಯ ಮಾತನ್ನು ರೇಣುಕಪ್ರಸಾದ ಓದುವ ಕೋಣೆಯಲ್ಲಿ ಮೂರು ಸಲ ಓದಿದ್ದ. "ಹೊಲ ತೋಟ ಅವರೇ ಅನುಭವಿಸಲಿ. ನಾನು ನಾನೇ ಎಂದು ಅವರು ಒಂದು ಮಾತು ಒಪ್ಪಬೇಕು." ಅರ್ಜಿ ವಜಾ ಆಗಿತ್ತು. ಮನುಷ್ಯ ತಾಲ್ಲೂಕು ಬಿಟ್ಟು ಹೋಗತಕ್ಕದ್ದು ಎಂದು ಹುಕುಂ ಆಗಿತ್ತು.

ಯಾರೋ ಮೋಸಗಾರನಿರಬಹುದು ಎಂದು ಅಂದುಕೊಂಡು ಅವನು ಅದನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ವೃತ್ತಿಯ ಚಪಲ. ವಿದೇಶದ ಗ್ರಂಥಭಂಡಾರವೊಂದಕ್ಕೆ ಪತ್ರದ ಮೇಲೆ ಪತ್ರ ಬರೆದು ಪಲ್ಟನ್ನಿನ ಚಹರೆಪಟ್ಟಿ ತರಿಸಿದ. ಅದರಲ್ಲಿ ಚನ್ನವೀರಪ್ಪನ ಹೆಸರಿತ್ತು, ಊರಿತ್ತು. ಎಡಗೈ ಕಿರುಬೆರಳು ಅರ್ಧ ಇಲ್ಲ, ಬಲಕುತ್ತಿಗೆಯಲ್ಲಿ ಸುಟ್ಟ ಗಾಯದ ಕಲೆ ಎಂದಿತ್ತು. ಗಾಯಗೊಂಡು ನಿವೃತ್ತಿ, ಸಾವಲ್ಲ. ಅಮಲ್ದಾರನ ಗುಮಾಸ್ತ ಅರ್ಜಿದಾರನ ಮೈಮೇಲೆ ಕಂಡು ಬರೆದದ್ದೂ ಅದೇ ಬೆರಳು, ಅದೇ ಕಲೆ. ಎರಡು ಕಾಗದಗಳು ಎರಡು ದೇಶಗಳಲ್ಲಿ ಒಂದನ್ನೊಂದು ನೋಡದೆ ಇಷ್ಟು ಕಾಲ ಬಿದ್ದಿದ್ದವು. ಅವನ್ನು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ ಮಧ್ಯಾಹ್ನ ರೇಣುಕಪ್ರಸಾದನಿಗೆ ಒಂದು ಕ್ಷಣ ನಿಜಕ್ಕೂ ಸಂತೋಷವಾಗಿತ್ತು, ವಿದ್ವಾಂಸನ ಸಂತೋಷ. ಆಮೇಲೆ ತಾನು ಯಾರ ಮೊಮ್ಮಗನ ಮೊಮ್ಮಗ ಎಂಬುದು ನೆನಪಾಯಿತು. ಅವರ ಮನೆ ಬೆಳೆದದ್ದು ವೀರನಿಂದಲ್ಲ, ಅಮಲ್ದಾರನ ಮುಂದೆ ನಿಂತು ಇಲ್ಲ ಅಂದ ಆ ತಮ್ಮನಿಂದ, ಗೋಡೆಗೆ ಮುಖ ಮಾಡಿ ನಿಂತ ಆ ಹೆಣ್ಣಿನಿಂದ.

ಇಲ್ಲ ಅನ್ನುವುದು ಎಷ್ಟು ಸುಲಭ ಎಂದು ಅವನಿಗೆ ಗೊತ್ತಿತ್ತು. ಕಾಲೇಜಿಗೆ ತಪಾಸಣೆಯವರು ಬಂದ ದಿನ ಪ್ರಾಂಶುಪಾಲರ ಜೊತೆ ವರಾಂಡದಲ್ಲಿ ನಿಂತಿದ್ದಾಗ ಅವನ ಸ್ವಂತ ತಮ್ಮ ಜ್ಞಾನೇಶ, ಓದು ಹತ್ತದೆ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದವನು, ಮೈತುಂಬ ನಾರಿನ ಧೂಳು ಹೊತ್ತುಕೊಂಡು ಗೇಟಿನಿಂದ ಸೀದಾ ಬಂದಿದ್ದ. ಕಂಕುಳಲ್ಲಿ ಒಂದು ಬಟ್ಟೆ ಗಂಟು. "ಯಾರ್ರೀ ಇದು?" ಎಂದರು ಪ್ರಾಂಶುಪಾಲರು. "ನಮ್ಮ ತೋಟದ ಆಳು ಸಾರ್." ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ತಾನೇ ಬಂದದ್ದು. ಜ್ಞಾನೇಶ ಅದನ್ನು ಕೇಳಿಸಿಕೊಂಡ. ಮುಖದಲ್ಲಿ ಏನೂ ಬದಲಾಗಲಿಲ್ಲ. ಗಂಟನ್ನು ಎರಡು ಕೈಯಲ್ಲೂ ಹಿಡಿದು ಚಾಚಿ, "ಅಮ್ಮೋರು ಕೊಬ್ರಿ ಮಿಠಾಯಿ ಕೊಟ್ಟವ್ರೆ ಸಾರ್," ಅಂದ. ಅಣ್ಣ ಅನ್ನುವುದನ್ನು ಅವನು ಆವತ್ತೇ ಬಿಟ್ಟ. ಅಮ್ಮ ಸಿದ್ದಗಂಗಮ್ಮ ಸತ್ತ ದಿನ ಹೆಣದ ಮುಂದೆ ಕೂತೂ, "ಸಾರ್, ಹಾರ ತರಿಸ್ಲಾ?" ಎಂದು ಕೇಳಿದ. ಹಾಗೆ ಸಾರ್ ಅನ್ನತೊಡಗಿ ಹತ್ತೊಂಬತ್ತು ವರ್ಷವಾಯಿತು. ಊರವರಿಗೆ ಅದೊಂದು ತಮಾಷೆ, ಅಣ್ಣನ ಮೇಲೆ ತಮ್ಮನಿಗೆ ಎಷ್ಟು ಗೌರವ ಅನ್ನುತ್ತಾರೆ.

ಹಂದನಕೆರೆಯಲ್ಲಿ ಇಳಿದಾಗ ಹನ್ನೊಂದು ಗಂಟೆಯ ಬಿಸಿಲು. ಅರ್ಜಿಯ ಕೊನೆಗೆ ಹಂದನಕೆರೆಯ ಪಟೇಲನ ವರದಿ ಹೊಲಿದಿತ್ತು: ರಂಗೂನಿನಿಂದ ಬಂದೆನೆಂದು ಹೇಳಿಕೊಳ್ಳುವ ಒಬ್ಬನು ಇಲ್ಲಿ ಕೆರೆ ಏರಿಯ ಹತ್ತಿರ ಇದ್ದಾನೆ, ಬೇರೆ ಜಾತಿಯ ಹೆಂಗಸೊಬ್ಬಳು ಅವನಿಗೆ ಅನ್ನ ಹಾಕುತ್ತಾಳೆ. ಅದರ ಜಾಡು ಹಿಡಿದು ಇಲ್ಲಿಯ ಹೈಸ್ಕೂಲಿನ ಪರಿಚಯದ ಮೇಷ್ಟ್ರೊಬ್ಬರನ್ನು ಕೇಳಿದಾಗ ಅವರು ನಕ್ಕು, ಕಡಲು ದಾಟಿದ್ದೆ ಅನ್ನುತ್ತಿದ್ದ ಮುದುಕನ ಮನೆಯವರು ಇದ್ದಾರೆ, ಅವರಿಗೆ ಸುಳ್ಳಪ್ಪನೋರು ಅಂತಲೇ ಹೆಸರು ಎಂದಿದ್ದರು. ಈಗ ಬಸ್‌ಸ್ಟಾಂಡಿನ ಟೀ ಅಂಗಡಿಯಲ್ಲಿ ಟೀ ಕುಡಿದು, ಇನ್ನೊಂದು ಟೀ ಕುಡಿದು, ಕೊನೆಗೆ ಅಂಗಡಿಯ ತಿಮ್ಮರಾಜುವನ್ನು ತಗ್ಗಿದ ದನಿಯಲ್ಲಿ ಕೇಳಬೇಕಾಯಿತು. ತಿಮ್ಮರಾಜು ತಗ್ಗಿಸಲಿಲ್ಲ. "ಸುಳ್ಳಪ್ಪನೋರ ಮನೇನಾ? ಮೋಟರ್ ಕಟ್ಸೋಕಾ? ಕೆರೆ ಕಡೆ ಹೋಗಿ, ಎಡಕ್ಕೆ ತಿರುಗಿ. ಭೀಮರಾಜು ಅಂತ ಕೇಳಿ ಸಾರ್, ಈ ಹೆಸರು ಎತ್ತಿದ್ರೆ ಸ್ಪ್ಯಾನರ್ ಬೀಸ್ತನೆ." ಬೆಂಚಿನ ಮೇಲಿದ್ದ ಇಬ್ಬರು ನಕ್ಕರು. "ಗ್ಯಾರಂಟಿ ಕೇಳ್ಕಳಿ ಸಾರ್, ಸುಳ್ಳಪ್ಪನ ಗ್ಯಾರಂಟಿ!" ಎಂದ ಒಬ್ಬ. ರೇಣುಕಪ್ರಸಾದನೂ ನಕ್ಕ. ನಕ್ಕಾದ ಮೇಲೆ, ಯಾಕೆ ನಕ್ಕೆ ಎಂದು ತಾನೇ ಬೆಚ್ಚಿ ಬ್ಯಾಗೆತ್ತಿಕೊಂಡು ನಡೆದ. ದಾರಿಯ ಎರಡೂ ಕಡೆ ತೆಂಗು, ಬುಡದಲ್ಲಿ ಒಣಗಿದ ಸೋಗೆ. ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತ ಹೋದ. ನಿಮ್ಮ ಹಿರಿಯರು ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದ್ದು ನಮ್ಮವರು. ವಾಕ್ಯ ಚೆನ್ನಾಗಿತ್ತು. ಅದನ್ನು ಪುಸ್ತಕದ ಕೊನೆಗೆ ಹಾಕಿದರೆ ಹೇಗಿರುತ್ತದೆ, ಓದಿದವರು ಇವನೆಂಥ ಪ್ರಾಮಾಣಿಕ ಅನ್ನುತ್ತಾರೆ ಎಂಬುದೂ ಅದರ ಬೆನ್ನಿಗೇ ಬಂತು. ಆ ಯೋಚನೆಗೆ ಅವನಿಗೆ ಅಸಹ್ಯವಾಯಿತು.

ಜಗಲಿಯ ಮೇಲೆ ಕಪ್ಪಗೆ ಕಟ್ಟುಮಸ್ತಾದ ಗಂಡಸೊಬ್ಬ ಸುಟ್ಟುಹೋದ ಪಂಪುಸೆಟ್ಟಿನ ಮೋಟರಿನ ಹೊಟ್ಟೆಯೊಳಗೆ ತಾಮ್ರದ ತಂತಿ ಸುತ್ತುತ್ತಿದ್ದ. ಅವನೇ ಭೀಮರಾಜು. ಹೆಂಡತಿ ಮಂಗಳಾ ಪಕ್ಕದಲ್ಲಿ ಕೂತು ಸುತ್ತು ಎಣಿಸಿ ಹೇಳುತ್ತಿದ್ದಳು. ರೇಣುಕಪ್ರಸಾದ ತಾನು ಹಳೆಯ ಕಾಗದಗಳನ್ನು ಅಭ್ಯಾಸ ಮಾಡುವ ಮೇಷ್ಟ್ರು ಎಂದ, ಇರುವುದು ತಿಪಟೂರಿನಲ್ಲಿ ಎಂದು ನಿಲ್ಲಿಸಿದ, ಅದು ಸುಳ್ಳಾಗಿರಲಿಲ್ಲ. "ನಿಮ್ಮ ಮನೆಯ ಹಿರಿಯರೊಬ್ಬರ ವಿಷಯ ಬಂದಿದ್ದೆ. ಕಡಲು ದಾಟಿದ್ದೆ ಅಂತ ಹೇಳುತ್ತಿದ್ದವರು." ಭೀಮರಾಜುವಿನ ಕೈ ನಿಂತಿತು. "ಟೀ ಅಂಗಡಿಯೋರು ಕಳಿಸಿದ್ರಾ?" ಎಂದ, ತಣ್ಣಗೆ. "ನೋಡಿ ಸಾರ್, ಇಸ್ಕೂಲಲ್ಲಿ ಹಾಜ್ರಿ ಕೂಗೋವಾಗ್ಲೇ ಮೇಷ್ಟ್ರು ನಗಾಡೋರು. ಹೆಣ್ ಕೇಳೋಕೆ ಹೋದ್ರೆ ಅಲ್ಲೂ ಅದೇಯ. ಇವತ್ತಿಗೂ ಒಂದು ಮೋಟರ್ ಕೆಟ್ರೆ ಕರೆಂಟ್ ಕಾರಣ ಅಲ್ಲ, ನಮ್ಮ ವಂಶ ಕಾರಣ. ಇದರಲ್ಲಿ ಅಭ್ಯಾಸ ಮಾಡೋಕೆ ಏನೈತೆ?" ಒಳಗಿನಿಂದ ಅವನ ತಾಯಿ ಹುಚ್ಚಕ್ಕ ಬಂದಳು. ಎಪ್ಪತ್ತೈದು ದಾಟಿದ ಸಣಕಲು ಮುದುಕಿ, ಒಂದು ಕಣ್ಣಿಗೆ ಹೂವು ಬಿದ್ದಿತ್ತು. "ಕುಂತ್ಕಳಿ ಸ್ವಾಮಿ. ಸುಮ್ಕಿರಲಾ ಭೀಮ, ಮನೆಗೆ ಬಂದೋರನ್ನ ಅಂಗಾ ಮಾತಾಡ್ಸೋದು?" ಎಂದು ಚಾಪೆ ಹಾಕಿದಳು. ಸ್ವಲ್ಪ ಹೊತ್ತಿಗೆ ಮಂಗಳಾ ಕೆತ್ತಿದ ಎಳನೀರು ತಂದಿಟ್ಟಳು. "ನಮ್ಮನೇಲಿ ನೀರು ಕುಡೀತೀರೋ ಇಲ್ವೋ ಅಂತ ಎಳ್ನೀರೇ ಕೆತ್ಸಿದೆ," ಎಂದಳು ಮುದುಕಿ, ವಿಭೂತಿಯ ಕಡೆ ನೋಡಿ, ಯಾವ ಕಹಿಯೂ ಇಲ್ಲದೆ. ಕುಡಿಯುತ್ತೇನೆ, ನಿಮ್ಮ ಮನೆಯ ನೀರೇ ಕೊಡಿ, ನಾವು ಒಂದೇ ಬೇರು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅವನು ಎಳನೀರು ಎತ್ತಿ ಕುಡಿದ. ತನಗೆ ಹಾಯೆನಿಸಿದ್ದು ಎಳನೀರಿನಿಂದಲ್ಲ ಎಂದು ಗಂಟಲಿಗೆ ಗೊತ್ತಾಯಿತು.

"ನಮ್ಮೆಜಮಾನ್ರ ಮುತ್ತಾತ ಆಗ್ಬೇಕು," ಎಂದು ಹುಚ್ಚಕ್ಕ ತಾನಾಗಿಯೇ ಶುರುಮಾಡಿದಳು. ಇದೆಲ್ಲ ಅವಳ ಅತ್ತೆ ಹೇಳಿದ್ದಂತೆ. ಮೊದಮೊದಲು ಅವನು ಏರಿಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದನಂತೆ: ಹಡಗು, ನೀರೋ ನೀರು, ಗುಂಡೇಟು, ಅಲ್ಲಿಯ ಜನರ ಅನ್ನ. ನಗುವವರು ನಗುತ್ತಿದ್ದರು. ಹೇಳುತ್ತ ಹೇಳುತ್ತ ಒಂದು ದಿನ ನಿಲ್ಲಿಸಿಬಿಟ್ಟನಂತೆ. ಆಮೇಲೆ ಮದುವೆಯಾಗಿ, ಮಗ ಹುಟ್ಟಿದ ಮೇಲೂ, ಯಾರು ಹೆಸರು ಕೇಳಿದರೂ, ನೀವೇ ಏನಾದರೂ ಕರೀರಿ ಎನ್ನುತ್ತಿದ್ದನಂತೆ. ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. "ಅದಕ್ಕೇ ಜನ ಕರೆದದ್ದೇ ಉಳೀತು. ನಾವೂ ಮಕ್ಕಳಿಗೆ ಹೇಳ್ಲಿಲ್ಲ ಬುಡಿ. ಇಂಥ ತಾತ ಇದ್ದ ಅಂತ ಏನ್ ಹೇಳೋದು?" ಮುದುಕಿ ಒಳ್ಳೆಯ ಕಣ್ಣನ್ನು ಅವನ ಮುಖದ ಮೇಲೆ ನೆಟ್ಟಳು. "ನೀವು ಓದ್ದೋರು, ಕಾಗ್ದ ನೋಡ್ದೋರು. ಒಂದ್ ಮಾತು ಹೇಳಿ ಸ್ವಾಮಿ. ಅವ್ನು ಸುಳ್ಳ ಹೇಳಿದ್ನಾ?"

ಭೀಮರಾಜು ತಲೆ ಎತ್ತಿರಲಿಲ್ಲ, ಆದರೆ ತಂತಿ ಹಿಡಿದ ಬೆರಳು ಅಲ್ಲಾಡುತ್ತಿರಲಿಲ್ಲ. "ಇಲ್ಲ," ಎಂದ ರೇಣುಕಪ್ರಸಾದ. "ನಿಜ ಹೇಳಿದರು. ಅವರು ಸಿಪಾಯಿ ಆಗಿದ್ದರು. ರಂಗೂನಿಗೆ ಹೋಗಿದ್ದರು. ಪಲ್ಟನ್ನಿನ ಪಟ್ಟಿಯಲ್ಲಿದೆ. ಎಡಗೈ ಕಿರುಬೆರಳು ಅರ್ಧ ಇರಲಿಲ್ಲ." ಹುಚ್ಚಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಹೂಂ. ಬೆರಳಿರ್ಲಿಲ್ಲ ಅಂತ ಅತ್ತೆ ಹೇಳೋರು. ಕಳ್ತನ ಮಾಡೋಕೆ ಹೋಗಿ ಕಡಿಸ್ಕಂಡಿದ್ದ ಅಂತ ಊರೋರು ಅಂದ್ರು, ನಾವೂ ನಂಬಿದ್ವಿ." ಭೀಮರಾಜು ತಂತಿಯ ಸುರುಳಿಯನ್ನು ಕೆಳಗಿಟ್ಟ. ಎದ್ದು ಜಗಲಿಯ ಕಂಬ ಹಿಡಿದು ರಸ್ತೆಯ ಕಡೆ ನೋಡುತ್ತ ನಿಂತ. ಇಷ್ಟು ಕೊಟ್ಟರೆ ಸಾಕಲ್ಲ ಎಂದು ರೇಣುಕಪ್ರಸಾದನಿಗೆ ಅನ್ನಿಸಿತು. ಸತ್ಯದ ಮುಖ್ಯ ಭಾಗ ಇವರದು, ಅದು ಇವರಿಗೆ ಸಿಕ್ಕಿತು. ಉಳಿದದ್ದು ವಿವರ. ಎದ್ದುಬಿಡಬೇಕು ಎಂದು ಅವನು ಬ್ಯಾಗಿನ ಪಟ್ಟಿಗೆ ಕೈ ಹಾಕಿದಾಗ ಭೀಮರಾಜು ತಿರುಗಿ ನಿಂತು ಕೇಳಿದ. "ಅಂಗಾದ್ರೆ ಯಾವೂರೋನು ಸಾರ್? ಮನೆಮಠ ಇರ್ಲಿಲ್ವಾ? ವಾಪಸ್ ಬಂದೋನು ಮನೆಗೋಗದೆ ಇಲ್ಲಿಗ್ಯಾಕೆ ಬಂದ?"

ಹೋಗಿದ್ದರು. ಬಾಗಿಲಲ್ಲಿ ನಿಂತಿದ್ದರು. ನಮ್ಮ ಬಾಗಿಲಲ್ಲಿ. ಮೂರೇ ಮಾತು, ಎಲ್ಲವೂ ಸಿದ್ಧವಾಗಿದ್ದವು. ಅದೇ ಹೊತ್ತಿಗೆ ಶಿಲ್ಪಿ ಮೀಸೆ ತಿರುವುತ್ತಿರುವುದು ಕಣ್ಣಿಗೆ ಕಟ್ಟಿತು. ಕಾಡಸಿದ್ದಪ್ಪ, ಈ ಮೋಟರ್ ಕಟ್ಟುವವರು ನಮ್ಮ ದಾಯಾದಿಗಳೇನಯ್ಯ, ನಾಳೆ ಸಮಾವೇಶಕ್ಕೆ ಕರೆದು ಪಂಕ್ತಿಯಲ್ಲಿ ಕೂರಿಸ್ತೀಯಾ ಎಂದು ಕೇಳುವುದು ಕೇಳಿಸಿತು. ಮತ್ತು ಎಲ್ಲಕ್ಕಿಂತ ಕೆಟ್ಟದ್ದು, ಈ ಭೀಮರಾಜು ಈಗ ತನ್ನನ್ನು ನೋಡುತ್ತಿರುವ ಕಣ್ಣು, ನಂಬಿಕೆ ತುಂಬಿದ ಈ ಕಣ್ಣು, ಮರುಕ್ಷಣ ಹೇಗೆ ನೋಡೀತು ಎಂಬುದು. "ಅದು ಗೊತ್ತಾಗಲ್ಲಪ್ಪ," ಎಂದ. "ಹಾಳೆಯಲ್ಲಿ ಊರಿನ ಜಾಗ ಹುಳ ತಿಂದಿದೆ." "ಆ ಹಾಳೆ ಒಂದ್ ಸಲ ನೋಡ್ಬೋದಾ ಸಾರ್? ಅಂಗಡಿಯೋರ ಮುಖಕ್ಕೆ ಹಿಡೀಬೇಕು." "ಆಫೀಸಿನಲ್ಲಿದೆ. ಹೊರಗೆ ಕೊಡಲ್ಲ," ಎಂದು ರೇಣುಕಪ್ರಸಾದ ಬ್ಯಾಗಿನ ಮೇಲೆ ಅಂಗೈ ಒತ್ತಿ ಹೇಳಿದ.

ಭೀಮರಾಜು ನಂಬಿದ. ಕಾಗದದ ಜನ ಹಾಗೇ ಎಂದು ಅವನಿಗೆ ಗೊತ್ತಿತ್ತು. ಆದರೆ ಮುದುಕಿ ಇನ್ನೂ ಹತ್ತಿರ ಸರಿದು ಕೂತಳು. ಅವಳಿಗೆ ಊರೂ ಬೇಕಿರಲಿಲ್ಲ, ಹಾಳೆಯೂ ಬೇಕಿರಲಿಲ್ಲ. "ಸ್ವಾಮಿ, ವರ್ಷವರ್ಷ ಹಿರೇರ ಹಬ್ಬಕ್ಕೆ ಎಡೆ ಇಕ್ತೀವಲ್ಲ. ನನ್ನ ಮಾವುಂದು, ಅತ್ತೇದು, ನಮ್ಮೆಜಮಾನ್ರುದು, ಎಲ್ಲರ ಹೆಸ್ರೂ ಕೂಗಿ ಧೂಪ ಹಾಕ್ತೀವಿ. ಅವನ ಎಡೆ ಮುಂದೆ ಬಂದಾಗ ಸುಮ್ಕೆ ಹಾಕ್ತೀನಿ. ಸುಳ್ಳಪ್ಪ ಅಂತ ಕೂಗೋಕೆ ಬಾಯಿ ಬರಾಕಿಲ್ಲ. ಹೆಸ್ರಿಲ್ದೆ ಕರೆದ್ರೆ ಯಾರು ಬತ್ತಾರೆ? ಬರೋ ಅಮಾಸೆಗೇ ಹಬ್ಬ. ಕಾಗ್ದದಲ್ಲಿ ಹೆಸ್ರು ಇರ್ಬೇಕಲ್ಲ? ಅದೊಂದು ಹೇಳ್ಬುಡಿ."

ಚನ್ನವೀರಪ್ಪ. ಆ ಹೆಸರು ಹೇಳಿದರೆ ಹನ್ನೆರಡು ದಿನಕ್ಕೆ ಅದು ಪೇಪರಿನಲ್ಲಿ ಬರುತ್ತದೆ, ರಂಗೂನು ಅಂತ ಬರುತ್ತದೆ, ಕಲ್ಲಿನ ಮೇಲೆ ಕೆತ್ತಿರುತ್ತದೆ. ಮೋಟರ್ ಕಟ್ಟಿಸಲು ಬಂದ ಯಾವನಾದರೂ ಓದಿ ಹೇಳುತ್ತಾನೆ. ಹೆಸರು ಕೊಟ್ಟರೆ ಎಲ್ಲ ಕೊಟ್ಟಂತೆಯೇ. ಗೊತ್ತಿಲ್ಲ ಎನ್ನಬಹುದಿತ್ತು, ಹುಳ ಅದನ್ನೂ ತಿಂದಿದೆ ಎನ್ನಬಹುದಿತ್ತು. ಮುದುಕಿಯ ಬೆರಳುಗಳು ಅವನ ಮೊಣಕಾಲ ಹತ್ತಿರ ಬಂದು, ಮುಟ್ಟಬಾರದೆಂದು ನಿಂತಿದ್ದವು. ಅವಳನ್ನು ಬರಿಗೈಯಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅಥವಾ ಹಾಗೆಂದು ಅವನು ಆಮೇಲೆ ಬಸ್ಸಿನಲ್ಲಿ ತನಗೆ ಹೇಳಿಕೊಂಡ. "ವೀರಭದ್ರಪ್ಪ," ಎಂದು ಅವನ ಬಾಯಿ ಹೇಳಿತು.

ಹೇಳಿದ ಮೇಲೆಯೇ ಅವನಿಗೆ ತಾನು ಯಾರ ಹೆಸರು ಹೇಳಿದೆ ಎಂದು ಹೊಳೆದದ್ದು. ಈ ಮನುಷ್ಯನು ನಮ್ಮ ಅಣ್ಣನಲ್ಲ ಎಂದು ಅಮಲ್ದಾರನ ಮುಂದೆ ಹೇಳಿ ಹಾಳೆಗೆ ಗುರುತು ಹಾಕಿದ ತಮ್ಮನ ಹೆಸರು ಅದು. ಅವನ ಸ್ವಂತ ತಾತನ ತಾತ. ಮೂರು ತಿಂಗಳಿನಿಂದ ಆ ಒಂದೇ ಹಾಳೆಯನ್ನು ತಿರುವಿ ತಿರುವಿ ನಾಲಿಗೆಗೆ ಅಂಟಿಕೊಂಡಿದ್ದ ಹೆಸರು. "ವೀರಭದ್ರಪ್ಪ," ಎಂದಳು ಹುಚ್ಚಕ್ಕ, ಮೆಲ್ಲಗೆ, ಬಾಯಲ್ಲಿ ಇಟ್ಟು ನೋಡುವಂತೆ. "ವೀರಭದ್ರಪ್ಪ. ಎಂಥ ಹೆಸ್ರು ಇಟ್ಕಂಡು ಏನ್ ಕರೆಸ್ಕಂಡ್ಯೋ ನನ್ನಪ್ಪ." ಅವಳು ಅಳತೊಡಗಿದಳು. ಭೀಮರಾಜು ಬಂದು, ಎಣ್ಣೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ರೇಣುಕಪ್ರಸಾದ ಕಾಲು ಹಿಂದಕ್ಕೆ ತೆಗೆಯುವಷ್ಟರಲ್ಲಿ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. "ಮೊದ್ಲು ಒರಟಾಗಿ ಮಾತಾಡ್ದೆ ಸಾರ್, ಮನಸ್ಸಿಗೆ ಹಾಕ್ಕಬೇಡಿ. ಇಷ್ಟು ದಿನಕ್ಕೆ ನಮ್ಮನ್ನ ಹುಡುಕ್ಕಂಡು ಬಂದೋರು ನೀವೊಬ್ರೇ." ಬೇಡ ಬೇಡ ಎಂದ ರೇಣುಕಪ್ರಸಾದ. ಈಗಲೂ ಹೇಳಬಹುದು, ತಪ್ಪಾಯಿತು, ಹೆಸರು ಅದಲ್ಲ ಎನ್ನಬಹುದು ಎಂದು ಅನ್ನಿಸುತ್ತಿದ್ದ ಹೊತ್ತು ನಿಧಾನವಾಗಿ, ಅವನ ಕಣ್ಣೆದುರಿಗೇ, ದಾಟಿಹೋಗುತ್ತಿತ್ತು.

"ಬರ್ಕಳೇ ಮಂಗಳಾ, ಮರ್ತ್ ಗಿರ್ತ್ ಹೋದೇವು," ಎಂದಳು ಮುದುಕಿ. ಮಂಗಳಾ ಒಳಗೆ ಹೋಗಿ ಗೋಡೆಯ ಪಂಚಾಂಗವನ್ನೇ ಮೊಳೆಯಿಂದ ಕಿತ್ತು ತಂದಳು. ಭೀಮರಾಜುವಿನ ಕಿವಿಯಲ್ಲಿದ್ದ ಪೆನ್ಸಿಲು ತೆಗೆದುಕೊಂಡು ಮಹಾಲಯ ಅಮಾವಾಸ್ಯೆಯ ಕೆಂಪು ಚೌಕದ ಪಕ್ಕದಲ್ಲಿ ಒತ್ತಿ ಒತ್ತಿ ಬರೆದಳು. ಬರೆದು, ಓದಿದವರ ಮುಂದೆ ಹಿಡಿಯುವ ನಾಚಿಕೆಯಿಂದ ಅವನ ಮುಂದೆ ಹಿಡಿದಳು. "ಸರಿ ಐತಾ ನೋಡಿ ಸಾರ್."

ರೇಣುಕಪ್ರಸಾದ ಕನ್ನಡಕ ಹಾಕಿಕೊಂಡು ನೋಡಿದ. ವೀರಬದ್ರಪ್ಪ ಎಂದಿತ್ತು. "ಮಹಾಪ್ರಾಣ ಬೇಕಮ್ಮ," ಎಂದು ಅವನು ಬೆರಳಿಟ್ಟು ತೋರಿಸಿದ. "ಇಲ್ಲಿ, ಈ ಬಕಾರಕ್ಕೆ ಹೊಟ್ಟೆ ಸೀಳು." ಮಂಗಳಾ ಪೆನ್ಸಿಲನ್ನು ನಾಲಿಗೆಗೆ ಸೋಕಿಸಿ, ಅವನು ತೋರಿಸಿದ ಕಡೆಯೇ ಸೀಳಿದಳು.